24 ಟ್ರ್ಯಾಕ್ ಟೇಪ್ ಯಂತ್ರವನ್ನು ನಾನು ಹದಕ್ಕೆ ತರುವ ಬಗೆ

ಟೇಪ್ ಯಂತ್ರವನ್ನು ಹದ ಮಾಡಲು ಕೂತಾಗ ನಾನು ಮೊದಲು ಕೈ ಹಾಕುವುದು ಪ್ಲೇಬ್ಯಾಕ್ ಭಾಗಕ್ಕೆ. ಅದು ಮುಗಿಯುವವರೆಗೂ ರೆಕಾರ್ಡ್ ಭಾಗದ ಒಂದು ಸ್ಕ್ರೂವನ್ನೂ ಮುಟ್ಟುವುದಿಲ್ಲ. ರೆಕಾರ್ಡಿಂಗ್ ಸರಿಯಿದೆಯೇ ಎಂದು ಹೇಳಬೇಕಾದದ್ದೇ ಪ್ಲೇಬ್ಯಾಕ್. ಅದು ಸುಳ್ಳು ಹೇಳುತ್ತಿದ್ದರೆ ಎರಡೂ ಕಡೆಯ ತಪ್ಪುಗಳು ಒಂದನ್ನೊಂದು ಮುಚ್ಚಿಕೊಂಡು ಮೀಟರಿನ ಮುಳ್ಳು ಸೊನ್ನೆಯಲ್ಲೇ ನಿಂತಿರುತ್ತದೆ. ಆ ಟೇಪನ್ನು ಬೇರೆ ಯಂತ್ರಕ್ಕೆ ಹಾಕಿದ ದಿನ ಎಲ್ಲ ಬಯಲಾಗುತ್ತದೆ.

ನನ್ನದು ಎರಡು ಇಂಚು ಅಗಲದ ಟೇಪ್, ಅದರ ಮೇಲೆ ಪಕ್ಕಪಕ್ಕದಲ್ಲಿ 24 ಟ್ರ್ಯಾಕ್, ಅಂದರೆ ಧ್ವನಿಯ ಪಟ್ಟಿಗಳು; ಸೆಕೆಂಡಿಗೆ 15 ಇಂಚಿನ ವೇಗ. ಮೊದಲು ಆಲ್ಕೋಹಾಲ್ ಅದ್ದಿದ ಹತ್ತಿಯಿಂದ ಟೇಪಿಗೆ ಬರೆಯುವ, ಅದರಿಂದ ಓದುವ ಹೆಡ್‌ಗಳನ್ನು ಒರೆಸುತ್ತೇನೆ. ಆಮೇಲೆ ಯಂತ್ರ ಆಫ್ ಮಾಡಿ ಹೆಡ್ಡಿನಲ್ಲಿ ಉಳಿದ ಕಾಂತತೆ ತೆಗೆಯುವ ಡೀಮ್ಯಾಗ್ನೆಟೈಸರ್ ಆಡಿಸಿ, ಅದನ್ನು ನಿಧಾನವಾಗಿ ತೋಳಿನಷ್ಟು ದೂರ ಎಳೆದುಕೊಂಡ ಮೇಲೆಯೇ ಅದರ ಸ್ವಿಚ್ ಆರಿಸುತ್ತೇನೆ. ಅಳತೆಗೆಂದೇ ನಿಖರ ಟೋನ್ ತುಂಬಿದ ಟೆಸ್ಟ್ ಟೇಪ್ ಏರಿಸುವ ಮುನ್ನ ಎಲ್ಲ ಟ್ರ್ಯಾಕ್‌ಗಳೂ ಸೇಫ್‌ನಲ್ಲಿ, ಅಂದರೆ ರೆಕಾರ್ಡ್ ಆಗದ ಸ್ಥಿತಿಯಲ್ಲಿ, ಇರುವುದನ್ನು ಎರಡು ಸಲ ನೋಡುತ್ತೇನೆ. ಅದರ ಮೇಲೆ ರೆಕಾರ್ಡ್ ಒತ್ತಿಬಿಟ್ಟರೆ ಆ ಟೇಪಿನ ಕತೆ ಮುಗಿದಂತೆ.

ನಾನು ಹೆಚ್ಚು ಹೊತ್ತು ಕಳೆಯುವುದು ಅಜಿಮತ್ ಮೇಲೆ, ಅಂದರೆ ಹೆಡ್ ಟೇಪ್ ಸಾಗುವ ದಿಕ್ಕಿಗೆ ನೇರ ಲಂಬವಾಗಿ ನಿಲ್ಲುವಂತೆ ನೋಡಿಕೊಳ್ಳುವುದು. ಶುರುವಿನಲ್ಲಿ ನೇರವಾಗಿ 10 ಕಿಲೋಹರ್ಟ್ಝ್ ಟೋನ್ ಹಾಕಿ, 2 ಮತ್ತು 23ನೇ ಟ್ರ್ಯಾಕ್‌ಗಳನ್ನು ಅಲೆಗಳನ್ನು ತೋರಿಸುವ ಆಸಿಲೋಸ್ಕೋಪಿಗೆ ಕೊಟ್ಟು, ಎರಡೂ ಜೊತೆಯಾಗಿವೆ ಎನ್ನುವ ಓರೆ ಗೆರೆ ತೆರೆಯ ಮೇಲೆ ಮೂಡಿದೊಡನೆ ಸ್ಕ್ರೂ ಬಿಗಿದಿದ್ದೆ. ಮಟ್ಟವೂ ಚೆನ್ನಾಗಿತ್ತು. ಆಮೇಲೆ 1 ಕಿಲೋಹರ್ಟ್ಝ್ ಟೋನ್ ಬಂದಾಗ ಗೆರೆ ಹೋಗಿ ಮೊಟ್ಟೆಯಾಕಾರ ಕಂಡಿತು! ಈ ವೇಗದಲ್ಲಿ 10 ಕಿಲೋಹರ್ಟ್ಝಿನ ಒಂದು ಅಲೆ ಟೇಪಿನ ಮೇಲೆ ಹಿಡಿಯುವ ಜಾಗ ಸುಮಾರು 38 ಮೈಕ್ರಾನ್. ಹೆಡ್ ಸರಿಯಾಗಿ ಒಂದು ಅಲೆಯಷ್ಟು ವಾಲಿತ್ತು, ಅದಕ್ಕೇ ಎರಡು ಟ್ರ್ಯಾಕ್‌ಗಳು ಮತ್ತೆ ಜೊತೆಗೂಡಿದಂತೆ ಕಂಡಿದ್ದವು. ಅದೇ ವಾಲಿಕೆ 1 ಕಿಲೋಹರ್ಟ್ಝಿನಲ್ಲಿ ಅಲೆಯ ಹತ್ತನೇ ಒಂದು ಭಾಗದ, ಅಂದರೆ 36 ಡಿಗ್ರಿ ವ್ಯತ್ಯಾಸವಾಗಿ ಹೊರಬಿತ್ತು. ಅಂದಿನಿಂದ ಮೊದಲು 1, ಆಮೇಲೆ 10. ಟೇಪ್ ತುಸು ತೂಗಾಡುವುದರಿಂದ ಗೆರೆ ಅಲುಗುತ್ತಲೇ ಇರುತ್ತದೆ. ಅದರ ನಡುವನ್ನು ಹಿಡಿದರೆ ಸಾಕು.

ಮಟ್ಟ ಕೂರಿಸುವಾಗ ಯಂತ್ರದಲ್ಲಿ ಮಟ್ಟ ತೋರಿಸುವ ವಿಯು ಮೀಟರುಗಳನ್ನೇ ನೆಚ್ಚಿಕೊಳ್ಳುವುದಿಲ್ಲ. ಔಟ್‌ಪುಟ್‌ಗೆ ವೋಲ್ಟ್‌ಮೀಟರ್ ಹಚ್ಚಿ, ಟೆಸ್ಟ್ ಟೇಪಿನ 1 ಕಿಲೋಹರ್ಟ್ಝ್ ಟೋನಿಗೆ ಸ್ಟುಡಿಯೋ ರೂಢಿಯ ಮಟ್ಟವಾದ 1.228 ವೋಲ್ಟ್ ಬರುವಂತೆ ತಿರುಗಿಸಿ, ಆಮೇಲೆ ಮುಳ್ಳನ್ನು ಸೊನ್ನೆಗೆ ತರುತ್ತೇನೆ. 10 ಕಿಲೋಹರ್ಟ್ಝಿಗೆ ಟ್ರೆಬಲ್ ಸರಿಮಾಡುವುದು ಬೇಗ ಆಗುತ್ತದೆ.

ಈಗ ಖಾಲಿ ಟೇಪ್ ಹಾಕಿ ರೆಕಾರ್ಡ್ ಹೆಡ್ಡಿನ ಅಜಿಮತ್, ನಂತರ ಬಯಾಸ್, ಅಂದರೆ ರೆಕಾರ್ಡಿಂಗ್ ಸ್ವಚ್ಛವಾಗಲೆಂದು ಸದ್ದಿನ ಜೊತೆ ಬೆರೆಸುವ, ಕಿವಿಗೆ ಕೇಳದಷ್ಟು ಮೇಲಿನ ಕಂಪನದ ಸಂಕೇತ. 10 ಕಿಲೋಹರ್ಟ್ಝನ್ನು ಸೊನ್ನೆಗಿಂತ 10 ಡೆಸಿಬಲ್ ಕಡಿಮೆ ಮಟ್ಟದಲ್ಲಿ ಕೊಟ್ಟು ಬಯಾಸ್ ಏರಿಸುತ್ತಾ ಹೋದರೆ ಮುಳ್ಳು ಏರುತ್ತದೆ, ತುದಿ ಮುಟ್ಟುತ್ತದೆ, ಮತ್ತೆ ಇಳಿಯತೊಡಗುತ್ತದೆ. ತುದಿಯಿಂದ 3 ಡೆಸಿಬಲ್ ಇಳಿದಲ್ಲಿ ನಿಲ್ಲಿಸುತ್ತೇನೆ. ನನ್ನ ಟೇಪಿಗೆ ಅದು ಒಪ್ಪುತ್ತದೆ, ಬೇರೆ ಟೇಪಿಗೆ ತಯಾರಕರ ಅಂಕಿ ನೋಡಬೇಕು. ಇಲ್ಲಿ ಕೈಗೆ ತಾಳ್ಮೆ ಬೇಕು. ರೆಕಾರ್ಡ್ ಹೆಡ್ಡಿನಿಂದ ಪ್ಲೇಬ್ಯಾಕ್ ಹೆಡ್ಡಿಗೆ ಟೇಪ್ ಸಾಗಿ ಬರಬೇಕಲ್ಲ, ಹಾಗಾಗಿ ಸ್ಕ್ರೂ ತಿರುಗಿದ ಮೇಲೆ ಕ್ಷಣ ತಡೆದೇ ಮುಳ್ಳು ಕದಲುತ್ತದೆ. ಅವಸರಪಟ್ಟರೆ ತುದಿ ದಾಟಿದ್ದೇ ತಿಳಿಯುವುದಿಲ್ಲ. ಇಪ್ಪತ್ನಾಲ್ಕು ಸಲ ಹೀಗೆ.

ಅದಾದ ಮೇಲೆ ರೆಕಾರ್ಡ್ ಮಟ್ಟ, ಟ್ರೆಬಲ್. ಬೇಸನ್ನು ಕೊನೆಗೆ ಉಳಿಸಿಕೊಳ್ಳುತ್ತೇನೆ. ಟೆಸ್ಟ್ ಟೇಪಿನಲ್ಲಿ ಟೋನ್ ಟೇಪಿನ ಅಗಲಕ್ಕೂ ಹರಡಿರುವುದರಿಂದ ಕೆಳಸ್ವರಗಳಲ್ಲಿ ಹೆಡ್ ಅಕ್ಕಪಕ್ಕದ್ದನ್ನೂ ಎಳೆದುಕೊಂಡು ಹೆಚ್ಚು ತೋರಿಸುತ್ತದೆ. ನಾನೇ ರೆಕಾರ್ಡ್ ಮಾಡಿದ 100 ಹರ್ಟ್ಝ್ ನೋಡಿ ಪ್ಲೇಬ್ಯಾಕ್ ಬೇಸ್ ಸರಿಪಡಿಸುತ್ತೇನೆ.

ಕೆಲಸದ ಟೇಪಿನ ಮೊದಲಲ್ಲಿ 1 ಕಿಲೋಹರ್ಟ್ಝ್, 10 ಕಿಲೋಹರ್ಟ್ಝ್, 100 ಹರ್ಟ್ಝ್ ಟೋನ್‌ಗಳನ್ನು ಅರ್ಧರ್ಧ ನಿಮಿಷ ಹಾಕಿ, ವೇಗ ಮತ್ತು ಮಟ್ಟವನ್ನು ಡಬ್ಬಿಯ ಮೇಲೆ ಬರೆದಿಡುತ್ತೇನೆ.