ಉಪಕೇಂದ್ರದ ಒಂದು ಮಗುವೂ ಲಸಿಕೆಯಿಂದ ತಪ್ಪದಂತೆ ನೋಡಿಕೊಳ್ಳುವುದು ಹೇಗೆ

ಕರ್ನಾಟಕದಲ್ಲಿ 12ರಿಂದ 23 ತಿಂಗಳ ಮಕ್ಕಳ ಪೈಕಿ ಎಲ್ಲ ಮೂಲ ಲಸಿಕೆಗಳನ್ನು ಪಡೆದವರು 2015–16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಶೇ 62.6ರಷ್ಟಿದ್ದರು. 2019–21ರ ಸಮೀಕ್ಷೆಯ ಹೊತ್ತಿಗೆ ಅದು ಶೇ 84.1ಕ್ಕೆ ಏರಿತು. ಇದು ದೊಡ್ಡ ಸಾಧನೆ. ಆದರೆ ಉಳಿದ ಮಕ್ಕಳನ್ನು ಮುಟ್ಟಲು ಇನ್ನಷ್ಟು ಬ್ಯಾನರ್ ಕಟ್ಟಿದರೆ, ಮೈಕಿನಲ್ಲಿ ಕೂಗಿದರೆ ಸಾಲದು. ಲಸಿಕೆ ಬೇಡ ಎನ್ನುವ ಮನೆಗಳು ಇಲ್ಲವೆಂದಲ್ಲ. ಆದರೆ ಬಹಳ ಕಡೆ ಲಸಿಕೆ ತಪ್ಪಿದ ಮಗುವಿನ ಹೆಸರೇ ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಹಾಗಾಗಿ ಕೆಲಸ ಶುರುವಾಗಬೇಕಾದದ್ದು ಪಟ್ಟಿಯಿಂದ.

ಪಟ್ಟಿ

ನಿಮ್ಮ ಆರೋಗ್ಯ ಉಪಕೇಂದ್ರದ ವ್ಯಾಪ್ತಿಯ ಜನಸಂಖ್ಯೆ 5000 ಎಂದುಕೊಳ್ಳಿ. ಸಾವಿರಕ್ಕೆ 16 ಜನನದ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 80 ಮಕ್ಕಳು ಹುಟ್ಟಬೇಕು. ಆಶಾ ಕಾರ್ಯಕರ್ತೆಯರು ಮನೆಮನೆ ಎಣಿಸಿ ತಂದ ಪಟ್ಟಿಯಲ್ಲಿ ಒಂದು ವರ್ಷದೊಳಗಿನ ಮಕ್ಕಳು 55 ಮಾತ್ರ ಇದ್ದರೆ, ಮಿಕ್ಕ 25 ಮಕ್ಕಳು ಎಲ್ಲಿ ಎಂದು ಕೇಳಲೇಬೇಕು. ಆಗ ನಾಲ್ಕು ಪುಸ್ತಕಗಳನ್ನು ಒಂದೇ ಮೇಜಿನ ಮೇಲೆ ತೆರೆದಿಟ್ಟುಕೊಳ್ಳಿ: ಗರ್ಭಿಣಿಯರ ನೋಂದಣಿ, ಅಂಗನವಾಡಿಯ ಹಾಜರಿ, ಜನನ ನೋಂದಣಿ, ಪಲ್ಸ್ ಪೋಲಿಯೊ ದಿನ ತಿರುಗಿದ ಮನೆಗಳ ಪಟ್ಟಿ. ಕೊನೆಯದನ್ನು ಹಲವರು ಮರೆತುಬಿಡುತ್ತಾರೆ. ಊರ ಹೊರಗಿನ ಇಟ್ಟಿಗೆ ಗೂಡು, ತೋಟದ ಲೈನ್‌ಮನೆ, ಅಲೆಮಾರಿಗಳ ಟಾರ್ಪಾಲಿನ್ ಗುಡಾರಗಳು ಬೇರೆಲ್ಲೂ ಸಿಗದಿದ್ದರೂ ಅದರಲ್ಲಿ ಸಿಗುತ್ತವೆ.

ನಮ್ಮಲ್ಲಿ ಮಕ್ಕಳು ತಪ್ಪಿಹೋಗುವ ದೊಡ್ಡ ಸಂದು ತವರಿನ ಬಾಣಂತನ. ಚೊಚ್ಚಲು ಬಸುರಿ ಸೀಮಂತ ಮುಗಿಸಿಕೊಂಡು ತವರಿಗೆ ಹೋಗುತ್ತಾಳೆ. ಮಗುವಿಗೆ ಮೂರೋ ಐದೋ ತಿಂಗಳು ತುಂಬಿದ ಮೇಲೆ ಗಂಡನ ಮನೆಗೆ ಬರುತ್ತಾಳೆ. 6, 10 ಮತ್ತು 14 ವಾರದ ಲಸಿಕೆಗಳು ಬೀಳುವುದು ತವರಿನಲ್ಲಿ, 9 ತಿಂಗಳದ್ದು ಗಂಡನ ಊರಲ್ಲಿ. ಈ ಊರಿನ ಪುಸ್ತಕದಲ್ಲಿ ಆಕೆ ‘ಊರಿಗೆ ಹೋದವಳು’, ಆ ಊರಿನಲ್ಲಿ ‘ನೆಂಟರು’. ಎರಡು ಕಡೆಯವರೂ ಇನ್ನೊಬ್ಬರು ನೋಡಿಕೊಳ್ಳುತ್ತಾರೆ ಎಂದು ಸುಮ್ಮನಿರುತ್ತಾರೆ. ಪರಿಹಾರ ಸರಳ, ಬಿಡದೆ ಮಾಡಬೇಕಷ್ಟೆ. ಗರ್ಭಿಣಿ ಹೊರಟಾಗಲೇ ಹೋಗುವ ಊರು, ಅಲ್ಲಿನ ಆಶಾ ಅವರ ಫೋನ್ ನಂಬರ್, ಹೆರಿಗೆಯ ನಿರೀಕ್ಷಿತ ದಿನ ಬರೆದುಕೊಳ್ಳಿ. ತವರಿನ ಕಡೆಯವರು ಮಗುವನ್ನು ತಮ್ಮ ಡ್ಯೂ ಲಿಸ್ಟ್‌ಗೆ (ಲಸಿಕೆ ಕೊಡಬೇಕಾದವರ ಪಟ್ಟಿಗೆ) ಸೇರಿಸಲಿ. ತಾಯಿ ಹೊರಟ ವಾರವೇ ಗಂಡನ ಊರಿನ ಆಶಾ ಅವರಿಗೆ ಫೋನ್ ಮಾಡಿ ಯಾವ ಲಸಿಕೆಯವರೆಗೆ ಆಗಿದೆ ಎಂದು ತಿಳಿಸಲಿ. ಸರ್ಕಾರದ ಲಸಿಕೆ ದಾಖಲೆಯ ಆ್ಯಪ್ ಯು-ವಿನ್‌ನಲ್ಲಿ ದಾಖಲಾದ ಮಗುವಿನ ವಿವರ ಯಾವ ಊರಿನಲ್ಲಿ ಬೇಕಾದರೂ ತೆರೆಯುತ್ತದೆ. ಆದರೆ ಮಗು ಊರಿಗೆ ಬಂದಿದೆ ಎಂಬ ಸುದ್ದಿ ಆ್ಯಪ್ ತರುವುದಿಲ್ಲ, ಫೋನ್ ಕರೆ ತರುತ್ತದೆ.

ವಲಸೆ ಕುಟುಂಬಗಳದ್ದು ಬೇರೆ ದಾರಿ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಿಗೆ ಬಂದ ಅಸ್ಸಾಮಿನ ಕಾರ್ಮಿಕರಿರಲಿ, ಮಂಡ್ಯ, ಬೆಳಗಾವಿ ಕಡೆ ಕಬ್ಬು ಕಡಿಯಲು ಬಂದವರಿರಲಿ, ಬೆಂಗಳೂರಿನ ಕಟ್ಟಡದ ಶೆಡ್‌ಗಳಲ್ಲಿರುವ ಕಲ್ಯಾಣ ಕರ್ನಾಟಕದವರಿರಲಿ, ಬೆಳಿಗ್ಗೆ ಹತ್ತು ಗಂಟೆಗೆ ಅಂಗನವಾಡಿಗೆ ಬನ್ನಿ ಎಂದರೆ ಒಂದು ದಿನದ ಕೂಲಿ ಬಿಟ್ಟು ಬನ್ನಿ ಎಂದಂತೆ. ಮೇಸ್ತ್ರಿ ಅಥವಾ ತೋಟದ ರೈಟರ್ ಜೊತೆ ಮೊದಲೇ ಮಾತಾಡಿ, ಕೆಲಸ ಬಿಡುವ ಹೊತ್ತಿಗೋ ರಜೆಯ ದಿನವೋ ಅವರಿರುವಲ್ಲೇ ಲಸಿಕೆ ಸೆಷನ್ ಇಡಿ. ಕಾರ್ಡ್ ಕಳೆದಿದೆ ಎಂದು ಯಾರನ್ನೂ ವಾಪಸ್ ಕಳಿಸಬೇಡಿ. ದಾಖಲೆ ಎಲ್ಲೂ ಸಿಗದಿದ್ದರೆ ವಯಸ್ಸಿಗೆ ಸಲ್ಲುವುದನ್ನು ಕೊಟ್ಟು ಹೊಸ ಕಾರ್ಡ್ ಬರೆಯಿರಿ. ದಾಖಲೆ ಇದ್ದು ನಡುವೆ ತಡವಾಗಿದ್ದರೆ ಮೊದಲಿನಿಂದ ಶುರುಮಾಡುವ ಅಗತ್ಯವಿಲ್ಲ, ನಿಂತಲ್ಲಿಂದ ಮುಂದುವರಿಸಿ. ಪೆಂಟಾ (ಐದು ಕಾಯಿಲೆಗಳನ್ನು ತಡೆಯುವ ಲಸಿಕೆ) ಎರಡು ಡೋಸ್‌ಗಳ ನಡುವೆ ಕನಿಷ್ಠ 4 ವಾರ ಇರಬೇಕು.

ಎಷ್ಟು ಸೆಷನ್, ಎಷ್ಟು ವಯಲ್

ಆಸ್ಪತ್ರೆಯಲ್ಲೇ ಕೊಡುವ ಬಿಸಿಜಿ ಮತ್ತು ಹೆಪಟೈಟಿಸ್ ಬಿ ಬಿಟ್ಟರೆ, 9 ತಿಂಗಳವರೆಗೆ ಒಂದು ಮಗುವಿಗೆ 10 ಚುಚ್ಚುಮದ್ದು ಬೇಕು: ಪೆಂಟಾ 3, ಎಫ್‌ಐಪಿವಿ (ಪೋಲಿಯೊ ಚುಚ್ಚುಮದ್ದು ಐಪಿವಿಯ ಕಿರು ಡೋಸ್) 3, ಪಿಸಿವಿ (ನ್ಯುಮೋಕಾಕಲ್ ಲಸಿಕೆ) 3, ದಡಾರ-ರುಬೆಲ್ಲಾ (ಎಂಆರ್) 1. 16ರಿಂದ 24 ತಿಂಗಳಲ್ಲಿ ಎಂಆರ್ ಎರಡನೆಯದು, ಡಿಪಿಟಿ (ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು) ಬೂಸ್ಟರ್. 5–6 ವರ್ಷಕ್ಕೆ ಇನ್ನೊಂದು ಡಿಪಿಟಿ. ಅಲ್ಲಿಗೆ 13. ಜೆಇ (ಜಪಾನೀಸ್ ಮಿದುಳುಜ್ವರದ ಲಸಿಕೆ) ಕೊಡುವ ಜಿಲ್ಲೆಯಾದರೆ ಇನ್ನೆರಡು ಸೇರಿಸಿ. 80 ಮಕ್ಕಳಿಗೆ ವರ್ಷಕ್ಕೆ 1040, ಗರ್ಭಿಣಿಯರ ಟಿಡಿ (ಧನುರ್ವಾಯು-ಗಂಟಲಮಾರಿ ಲಸಿಕೆ) ಸುಮಾರು 160. ಒಟ್ಟು 1200, ಅಂದರೆ ತಿಂಗಳಿಗೆ 100. ಹಳ್ಳಿಗೆ ಹೋಗಿ ನಡೆಸುವ ಒಂದು ಹೊರ ಸೆಷನ್‌ಗೆ 25ರಿಂದ 50 ಚುಚ್ಚುಮದ್ದು ಸರಿಯಾದ ಹೊರೆ. ಅದಕ್ಕಿಂತ ಹೆಚ್ಚಾದರೆ ತಾಯಂದಿರಿಗೆ ವಿವರಿಸಿ ಹೇಳಲು ಸಮಯವೇ ಸಿಗದು. ದೂರದ ಹಾಡಿ, ತಾಂಡಾಗಳಲ್ಲಿ ಮಕ್ಕಳು ಮೂರೋ ನಾಲ್ಕೋ ಇದ್ದರೂ ಮೂರು ತಿಂಗಳಿಗೊಮ್ಮೆಯಾದರೂ ಅಲ್ಲಿಗೇ ಹೋಗಬೇಕು.

ಇಂಡೆಂಟ್ (ಲಸಿಕೆಯ ಬೇಡಿಕೆ) ಹಾಕುವಾಗ ಆಗುವ ತಪ್ಪೊಂದಿದೆ. ಎಂಆರ್ ಲೆಕ್ಕ ಹೀಗೆ: 80 ಮಕ್ಕಳು × 2 ಡೋಸ್ × 1.33 (ಶೇ 25 ವ್ಯರ್ಥ ಹಿಡಿದು) = 213 ಡೋಸ್, ತಿಂಗಳಿಗೆ ಸುಮಾರು 18. 5 ಡೋಸಿನ ವಯಲ್ (ಲಸಿಕೆಯ ಪುಟ್ಟ ಸೀಸೆ) ಆದರೆ 4 ಸಾಕು ಎನ್ನುತ್ತದೆ ಲೆಕ್ಕ. ಆದರೆ ಎಂಆರ್ ಪುಡಿಯನ್ನು ಒಮ್ಮೆ ದ್ರವದಲ್ಲಿ ಕಲಸಿದರೆ 4 ಗಂಟೆಯೊಳಗೆ ಮುಗಿಸಬೇಕು, ಇನ್ನೊಂದು ಸೆಷನ್‌ಗೆ ಒಯ್ಯುವಂತಿಲ್ಲ. ತಿಂಗಳಿಗೆ 5 ಸೆಷನ್ ಇದ್ದರೆ ಕನಿಷ್ಠ 5 ವಯಲ್ ಬೇಕೇ ಬೇಕು. ವಯಲ್ ಉಳಿಸಲು ಹೋಗಿ ‘ಇನ್ನೂ ನಾಲ್ಕು ಮಕ್ಕಳು ಸೇರಲಿ, ಮುಂದಿನ ವಾರ ಬನ್ನಿ’ ಎನ್ನುವುದು ಅತಿ ದುಬಾರಿ ಉಳಿತಾಯ. ಒಂದೇ ಮಗು ಬಂದರೂ ವಯಲ್ ತೆರೆಯಿರಿ.

ಐಸ್ ಪ್ಯಾಕ್

ಲಸಿಕೆ ಬಿಸಿಲಿಗೆ ಹಾಳಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಪೆಂಟಾ, ಹೆಪಟೈಟಿಸ್ ಬಿ, ಡಿಪಿಟಿ, ಟಿಡಿ, ಐಪಿವಿ, ಪಿಸಿವಿ ಹೆಪ್ಪುಗಟ್ಟಿದರೂ ಕೆಡುತ್ತವೆ ಎಂಬುದು ಅವಸರದಲ್ಲಿ ಮರೆಯುತ್ತದೆ. ಬಿಸಿಯ ಪೆಟ್ಟನ್ನು ವಯಲ್ ಮೇಲಿನ ವಿವಿಎಂ ಎಂಬ ಬಣ್ಣ ಬದಲಿಸುವ ಗುರುತು ತೋರಿಸುತ್ತದೆ: ಒಳಗಿನ ಚೌಕ ಹೊರಗಿನ ವೃತ್ತಕ್ಕಿಂತ ತಿಳಿಯಾಗಿದ್ದರೆ ಬಳಸಬಹುದು, ಬಣ್ಣ ಸಮನಾದರೆ ಅಥವಾ ಚೌಕ ಹೆಚ್ಚು ಗಾಢವಾದರೆ ಬೇಡ. ಹೆಪ್ಪುಗಟ್ಟಿದ್ದನ್ನು ಮಾತ್ರ ವಿವಿಎಂ ತೋರಿಸುವುದೇ ಇಲ್ಲ. ನೋಡಲು ಚೆನ್ನಾಗಿರುವ, ಕೆಲಸ ಮಾಡದ ಲಸಿಕೆ ಮಗುವಿನ ಮೈಸೇರುತ್ತದೆ. ಹೆಪ್ಪುಗಟ್ಟಿದ್ದು ಗೊತ್ತಾದ ವಯಲ್ ಅನ್ನು ಕರಗಿಸಿ ಬಳಸಬೇಡಿ.

ಲಸಿಕೆ ಹೆಪ್ಪುಗಟ್ಟುವ ಒಂದು ಮುಖ್ಯ ಜಾಗ ಕ್ಯಾರಿಯರ್, ಅಂದರೆ ಅದನ್ನು ಸೆಷನ್‌ಗೆ ಒಯ್ಯುವ ತಂಪು ಪೆಟ್ಟಿಗೆ. ಡೀಪ್ ಫ್ರೀಜರ್‌ನಲ್ಲಿ ಸೊನ್ನೆಗಿಂತ 15ರಿಂದ 25 ಡಿಗ್ರಿ ಕೆಳಗಿದ್ದ ಐಸ್ ಪ್ಯಾಕನ್ನು ಅವಸರದಲ್ಲಿ ನೇರ ಕ್ಯಾರಿಯರ್‌ಗೆ ತುಂಬಿದರೆ, ಅದಕ್ಕೆ ತಾಗಿದ ವಯಲ್ ಗಟ್ಟಿಯಾಗುತ್ತದೆ. ಆದ್ದರಿಂದ ಬೆಳಿಗ್ಗೆ ಬಂದ ಕೂಡಲೇ ನಾಲ್ಕು ಪ್ಯಾಕ್ ಹೊರತೆಗೆದು, ಒಂದಕ್ಕೊಂದು ತಾಗದಂತೆ ಮೇಜಿನ ಮೇಲೆ ಹರಡಿ. ಮೇಲ್ಮೈಯ ಬಿಳಿ ಹಿಮ ಹೋಗಿ ನೀರಿನ ಹನಿ ಕೂರಬೇಕು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ನೀರು ಕುಲುಕುವ ಸದ್ದು ಕೇಳಬೇಕು. ಎಷ್ಟು ನಿಮಿಷ ಎಂದು ಗಡಿಯಾರ ನೋಡಬೇಡಿ. ಡಿಸೆಂಬರಿನ ಮಡಿಕೇರಿಗೂ ಏಪ್ರಿಲ್‌ನ ರಾಯಚೂರಿಗೂ ಒಂದೇ ಸಮಯ ಆಗುವುದಿಲ್ಲ. ಸದ್ದು ಕೇಳಿದ ಮೇಲೆ ಒರೆಸಿ, ನಾಲ್ಕು ಬದಿಗೆ ನಿಲ್ಲಿಸಿ. ವಯಲ್‌ಗಳು ಮತ್ತು ಡೈಲ್ಯೂಯೆಂಟ್ (ಪುಡಿ ಲಸಿಕೆ ಕಲಸುವ ದ್ರವ) ಜಿಪ್ ಚೀಲದಲ್ಲಿ ನಡುವೆ ಕೂರಲಿ. ಹೀಗೆ ಕಟ್ಟಿದ ಕ್ಯಾರಿಯರ್ ಪದೇ ಪದೇ ತೆರೆಯದಿದ್ದರೆ 12 ಗಂಟೆ ತಂಪು ಹಿಡಿಯುತ್ತದೆ.

ಐಎಲ್‌ಆರ್ (ಲಸಿಕೆ ಇಡುವ ಫ್ರಿಜ್) 2ರಿಂದ 8 ಡಿಗ್ರಿಯಲ್ಲಿರಬೇಕು. ದಿನಕ್ಕೆರಡು ಸಲ, ಭಾನುವಾರವೂ, ಓದಿ ಬರೆಯಬೇಕು. ಹೆಪ್ಪುಗಟ್ಟಿದರೆ ಕೆಡುವ ಲಸಿಕೆಗಳನ್ನು ತಳಕ್ಕೆ ತಾಗಿಸಿ ಇಡಬೇಡಿ. ಕುಡಿಯುವ ನೀರು, ಊಟದ ಡಬ್ಬಿ, ಬೇರೆ ಔಷಧ ಅದರೊಳಗೆ ಹೋಗಕೂಡದು.

ಸೆಷನ್ ದಿನ

ಡೈಲ್ಯೂಯೆಂಟ್ ಬಗ್ಗೆ ಎಚ್ಚರ. ಬಿಸಿಜಿಗೆ ಸಲೈನ್, ಎಂಆರ್‌ಗೆ ನಿರ್ಜಂತುಕ (ಸ್ಟೆರೈಲ್) ನೀರು, ಅದೂ ಲಸಿಕೆಯ ಜೊತೆ ಬಂದದ್ದೇ ಆಗಬೇಕು. ಕಲಸಿದ ಸಮಯವನ್ನು ವಯಲ್ ಮೇಲೆ ಬರೆಯಿರಿ. ಕಲಸಿ ನಾಲ್ಕು ಗಂಟೆ ದಾಟಿದ ವಯಲ್‌ನಲ್ಲಿ ಬ್ಯಾಕ್ಟೀರಿಯಾ ಬೆಳೆದು, ಟಾಕ್ಸಿಕ್ ಶಾಕ್ ಆಗಿ ಮಗುವಿನ ಪ್ರಾಣವೇ ಹೋಗಬಹುದು. ಪೆಂಟಾ, ಡಿಪಿಟಿ, ಟಿಡಿ, ಪಿಸಿವಿ, ಐಪಿವಿ, ಪೋಲಿಯೊ ಹನಿಗಳಿಗೆ ತೆರೆದ ವಯಲ್ ನಿಯಮ ಅನ್ವಯಿಸುತ್ತದೆ. ತೆರೆದ ದಿನಾಂಕ ಬರೆದಿದ್ದು, ವಿವಿಎಂ ಸರಿಯಿದ್ದು, ತಂಪು ತಪ್ಪದೆ, ವಯಲ್ ನೀರಿನಲ್ಲಿ ಮುಳುಗದೆ ಇದ್ದರೆ 28 ದಿನ ಬಳಸಬಹುದು. ವಯಲ್ ಬಾಯಲ್ಲಿ ಸೂಜಿ ಚುಚ್ಚಿಟ್ಟು ಬಿಡುವ ಅಭ್ಯಾಸ ಇದ್ದರೆ ಈ ನಿಯಮಕ್ಕೆ ಅರ್ಥವೇ ಉಳಿಯದು.

6 ವಾರದ ಮಗುವಿಗೆ ಪೆಂಟಾ ಎಡ ತೊಡೆಗೆ, ಪಿಸಿವಿ ಬಲ ತೊಡೆಗೆ, ಎಫ್‌ಐಪಿವಿ ಬಲ ತೋಳಿನ ಚರ್ಮದೊಳಗೆ 0.1 ಮಿ.ಲೀ. ಚರ್ಮದಲ್ಲಿ ಗುಳ್ಳೆ ಏಳದಿದ್ದರೆ ಸೂಜಿ ಆಳಕ್ಕೆ ಹೋಗಿದೆ ಎಂದರ್ಥ. ‘ಒಂದೇ ದಿನ ಮೂರು ಸೂಜಿಯಾ?’ ಎಂದು ಅಜ್ಜಿ ಗಾಬರಿಯಾಗುವುದು ಸಹಜ. ಒಂದನ್ನು ಮುಂದಕ್ಕೆ ಹಾಕಿದರೆ ಮಗು ಅಷ್ಟು ದಿನ ರಕ್ಷಣೆಯಿಲ್ಲದೆ ಉಳಿಯುತ್ತದೆ ಎಂದು ತಾಳ್ಮೆಯಿಂದ ಹೇಳಿ. ನೆಗಡಿ, ಸಣ್ಣ ಜ್ವರ, ಕಡಿಮೆ ತೂಕ ಲಸಿಕೆ ಮುಂದೂಡಲು ಕಾರಣಗಳಲ್ಲ.

ಚುಚ್ಚಿದ ಮೇಲೆ ತಾಯಿಗೆ ನಾಲ್ಕು ಮಾತು ಹೇಳದೆ ಕಳಿಸಬೇಡಿ: ಯಾವ ಲಸಿಕೆ ಕೊಟ್ಟಿದ್ದು, ಯಾವ ಕಾಯಿಲೆಗೆ; ಮತ್ತೆ ಯಾವಾಗ, ಎಲ್ಲಿಗೆ ಬರಬೇಕು; ಜ್ವರ, ಊತ ಬಂದರೆ ಏನು ಮಾಡಬೇಕು; ಕಾರ್ಡ್ ಜೋಪಾನ, ಬರುವಾಗ ತನ್ನಿ. ಪೆಂಟಾ ಆದ ರಾತ್ರಿ ಮಗು ಜ್ವರ ಬಂದು ಅತ್ತರೆ, ಮೊದಲೇ ಹೇಳಿರದಿದ್ದರೆ ಆ ಮನೆ ಎರಡನೇ ಡೋಸ್‌ಗೆ ಬರಲು ಹಿಂಜರಿಯುತ್ತದೆ. ಮರುದಿನ ಆಶಾ ಒಮ್ಮೆ ಹೋಗಿ ವಿಚಾರಿಸಿದರೆ ಬಹಳಷ್ಟು ಭಯ ಅಲ್ಲೇ ಕರಗುತ್ತದೆ.

ಲಸಿಕೆಯಾದ ಮೇಲೆ 30 ನಿಮಿಷ ಎಲ್ಲರೂ ಅಲ್ಲೇ ಕೂರಲಿ. ಅನಾಫಿಲ್ಯಾಕ್ಸಿಸ್ (ಹಠಾತ್ ತೀವ್ರ ಅಲರ್ಜಿ) ಕಿಟ್‌ನಲ್ಲಿ ಅಡ್ರಿನಲಿನ್ ಅವಧಿ ಮುಗಿದಿಲ್ಲವೆಂದು ಪ್ರತಿ ಸೆಷನ್‌ಗೂ ಮುಂಚೆ ನೋಡಿ. ವಯಸ್ಸಿಗೆ ತಕ್ಕ ಡೋಸಿನ ಪಟ್ಟಿ ಮುಚ್ಚಳದ ಒಳಗೆ ಅಂಟಿರಲಿ. ಗಂಭೀರ ಪ್ರಕರಣವಾದರೆ ಮಗುವಿಗೆ ಚಿಕಿತ್ಸೆ ಮೊದಲು. ನಂತರ 24 ಗಂಟೆಯೊಳಗೆ ವೈದ್ಯಾಧಿಕಾರಿಗಳಿಂದ ಜಿಲ್ಲಾ ಆರ್‌ಸಿಎಚ್ (ತಾಯಿ-ಮಕ್ಕಳ ಆರೋಗ್ಯ) ಅಧಿಕಾರಿಗಳಿಗೆ ವರದಿ ಹೋಗಲೇಬೇಕು.

ಅಂಕಿ ಓದುವುದು

ತಿಂಗಳ ಸಭೆಯಲ್ಲಿ ಶೇಕಡಾವಾರು ಓದಿ ಮುಗಿಸುವ ಬದಲು ಪ್ರತಿ ಉಪಕೇಂದ್ರದ ಎರಡೆರಡು ಅಂಕಿ ಹಿಡಿಯಿರಿ: ಪೆಂಟಾ-1 (ಮೊದಲ ಡೋಸ್) ಮತ್ತು ಪೆಂಟಾ-3 (ಮೂರನೆಯದು). ಒಂದು ಕಡೆ 80 ಮಕ್ಕಳಲ್ಲಿ ಪೆಂಟಾ-1 ಆದವರು 76, ಪೆಂಟಾ-3 ಆದವರು 64. ಬಿಟ್ಟವರು 12, ಅಂದರೆ ಸುಮಾರು ಶೇ 16. ಶೇ 10 ದಾಟಿದರೆ ಎಚ್ಚರಿಕೆ. ಇಲ್ಲಿ ಜನ ಮೊದಲ ಸಲ ಬಂದಿದ್ದಾರೆ, ಮತ್ತೆ ಬಂದಿಲ್ಲ. ರದ್ದಾದ ಸೆಷನ್‌ಗಳು ಎಷ್ಟು, ಲಸಿಕೆ ಇಲ್ಲವೆಂದು ವಾಪಸ್ ಕಳಿಸಿದ್ದು ಯಾವಾಗ, ಮುಂದಿನ ದಿನಾಂಕ ಕಾರ್ಡ್‌ನಲ್ಲಿ ಬರೆದಿದೆಯೇ, ಆ 12ರಲ್ಲಿ ಗಂಡನ ಮನೆಗೆ ಹೋದವರೆಷ್ಟು ಎಂದು ಹೆಸರು ಹಿಡಿದು ನೋಡಿ.

ಇನ್ನೊಂದು ಕಡೆಯೂ 80 ಮಕ್ಕಳು, ಅವರಲ್ಲಿ ಪೆಂಟಾ-1 ಆದವರು 52, ಪೆಂಟಾ-3 ಆದವರು 50. ಬಿಟ್ಟವರು ಶೇ 4ಕ್ಕಿಂತ ಕಡಿಮೆ, ಸಭೆಯಲ್ಲಿ ಶಹಬ್ಬಾಸ್ ಸಿಗುತ್ತದೆ. ಆದರೆ 28 ಮಕ್ಕಳು ಒಮ್ಮೆಯೂ ಬಂದಿಲ್ಲ. ಕಾರ್ಡ್ ಹುಡುಕಿದರೆ ಇವರು ಸಿಗರು, ಕಾರ್ಡೇ ಆಗಿರುವುದಿಲ್ಲ. ಇಲ್ಲಿ ಮಾಡಬೇಕಾದದ್ದು ಹೊಸ ಎಣಿಕೆ: ಎಷ್ಟು ಇಟ್ಟಿಗೆ ಗೂಡು, ಎಷ್ಟು ಲೈನ್‌ಮನೆ ಯಾವ ಆಶಾ ಅವರ ಪಾಲಿಗೂ ಬಂದಿಲ್ಲ ಎಂದು ನಕ್ಷೆಯಲ್ಲಿ ಗುರುತಿಸಿ, ಒಂದೊಂದಕ್ಕೂ ಒಬ್ಬರ ಹೆಸರು ಬರೆದು, ಬರುವ ತಿಂಗಳ ಸೆಷನ್ ಯೋಜನೆಗೆ ಆ ಜಾಗಗಳನ್ನು ಸೇರಿಸಿ.