ಹ್ಯಾಮ್ ಹಾಕಿದ ಅಲಸಂದೆ: ಮೊದಲು ಮೂಳೆ ಬೇಯಲಿ, ಆಮೇಲೆ ಕಾಳು

ಅಲಸಂದೆ ನಮಗೆ ಹೊಸ ಕಾಳಲ್ಲ. ಮೈಸೂರು, ಮಂಡ್ಯದ ಕಡೆ ತಡಗುಣಿ ಅಂತಲೂ ಕರೆದು ಬಸ್ಸಾರು, ಉಸಲಿ, ಹುಳಿ ಮಾಡಿಕೊಂಡು ತಿನ್ನುತ್ತಲೇ ಬಂದಿದ್ದೇವೆ. ಹೊಟ್ಟೆಯ ಮೇಲೆ ಕಪ್ಪು ಕಣ್ಣಿರುವ ಇದೇ ಬಿಳಿ ಕಾಳು ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ, ಅಂದರೆ ದಕ್ಷಿಣ ಕೆರೊಲಿನಾ, ಜಾರ್ಜಿಯಾ, ಅಲಬಾಮಾದ ಮನೆಗಳಲ್ಲಿ, ಜನವರಿ 1ರಂದು ಹ್ಯಾಮಿನ, ಅಂದರೆ ಉಪ್ಪಿನಲ್ಲಿ ಊರಿಸಿ ಹೊಗೆ ಹಿಡಿಸಿದ ಹಂದಿಮಾಂಸದ ಜೊತೆ ಬೇಯುತ್ತದೆ. ಆಫ್ರಿಕಾ ಮೂಲದ ಈ ಕಾಳು ಅಲ್ಲಿಗೆ ತಲುಪಿದ್ದು ಗುಲಾಮರನ್ನು ಸಾಗಿಸಿದ ಹಡಗುಗಳ ಕಾಲದಲ್ಲಿ. ಅದನ್ನು ಬೆಳೆದು, ಬೇಯಿಸಿ, ಆ ನೆಲದ ಊಟವನ್ನಾಗಿ ಮಾಡಿದ್ದು ಆಫ್ರಿಕಾದಿಂದ ಎಳೆದು ತಂದ ಜನರೇ. ಈಗ ಅಲ್ಲಿ ಹೊಸ ವರ್ಷದ ದಿನ ಕಾಳು ತಿಂದರೆ ಅದೃಷ್ಟ, ಜೊತೆಗಿನ ಸೊಪ್ಪು ನೋಟು, ಮೆಕ್ಕೆಜೋಳದ ಬ್ರೆಡ್ಡು ಚಿನ್ನ ಎಂಬ ನಂಬಿಕೆ ಇದೆ. ಕ್ರಿಸ್‌ಮಸ್‌ಗೆ ತಂದ ಹ್ಯಾಮಿನ ಮೂಳೆ ಆ ಹೊತ್ತಿಗೆ ಫ್ರಿಜ್ಜಿನಲ್ಲಿ ಉಳಿದಿರುವುದೂ ಒಂದು ಅನುಕೂಲ.

ಅಡುಗೆ ಸುಲಭ. ಆದರೆ ಕುಕ್ಕರಿನಲ್ಲಿ ಮಾಡುವವರು ಬಹುಪಾಲು ಒಂದೇ ತಪ್ಪು ಮಾಡುತ್ತಾರೆ: ಕಾಳು, ಮಾಂಸ, ನೀರು ಎಲ್ಲವನ್ನೂ ಒಟ್ಟಿಗೆ ಸುರಿದು ಮುಚ್ಚಳ ಹಾಕಿಬಿಡುತ್ತಾರೆ. ಹ್ಯಾಮಿನ ಗೆಣ್ಣು ಮೆತ್ತಗಾಗಲು ಮುಕ್ಕಾಲು ಗಂಟೆ ಬೇಕು. ನೆನೆದ ಅಲಸಂದೆಗೆ ಐದಾರು ನಿಮಿಷ ಸಾಕು. ಮಾಂಸ ಬೇಯುವವರೆಗೆ ಇಟ್ಟರೆ ಕಾಳು ಕರಗಿ ಗಂಜಿಯಾಗುತ್ತದೆ, ಕಾಳಿನ ಲೆಕ್ಕಕ್ಕೆ ಇಳಿಸಿದರೆ ಮಾಂಸ ರಬ್ಬರಿನಂತೆ ಜಗ್ಗುತ್ತದೆ. ಹಾಗಾಗಿ ಎರಡು ಸಲ ಕುಕ್ಕರ್ ಇಡಬೇಕು. ಎರಡನೆಯ ಸಲ ತೀರಾ ಚಿಕ್ಕದು.

ಯಾವ ಹ್ಯಾಮ್?

ಈ ಅಡುಗೆಗೆ ಸರಿಯಾದದ್ದು ಹ್ಯಾಮ್ ಹಾಕ್. ಹಂದಿಯ ಕಾಲಿನಲ್ಲಿ ಪಾದಕ್ಕಿಂತ ಮೇಲಿರುವ ಗೆಣ್ಣಿನ ಭಾಗವನ್ನು ಉಪ್ಪುನೀರಿನಲ್ಲಿ ಊರಿಸಿ, ಹೊಗೆ ಹಿಡಿಸಿ ಮಾರುತ್ತಾರೆ. ಅದರಲ್ಲಿ ಮಾಂಸ ಕಡಿಮೆ. ಚರ್ಮ, ನರ, ಮೂಳೆಯೇ ಹೆಚ್ಚು. ಕಾಲು ಸೂಪು ಮಾಡುವವರಿಗೆ ಇದರ ಗುಟ್ಟು ಗೊತ್ತಿರುತ್ತದೆ. ಚರ್ಮ ಮತ್ತು ನರದಲ್ಲಿರುವ ಕೊಲಾಜನ್ ಎಂಬ ಪ್ರೋಟೀನ್ ನಿಧಾನವಾಗಿ ಕರಗಿ ರಸಕ್ಕೆ ಇಳಿಯುತ್ತದೆ, ರಸ ತುಟಿಗೆ ಅಂಟುವಷ್ಟು ಗಟ್ಟಿಯಾಗುತ್ತದೆ. ಹ್ಯಾಮ್ ಹುರಿದು ಉಳಿದ ಮೂಳೆಯೂ ಚೆನ್ನಾಗಿ ನಡೆಯುತ್ತದೆ.

ಬೆಂಗಳೂರಿನ ಕೋಲ್ಡ್ ಸ್ಟೋರೇಜ್ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದು ತೆಳ್ಳಗೆ ಕತ್ತರಿಸಿದ ಹ್ಯಾಮ್ ಮತ್ತು ಬೇಕನ್ (ಉಪ್ಪಿನಲ್ಲಿ ಊರಿಸಿದ, ಕೊಬ್ಬಿರುವ ಹಂದಿಮಾಂಸದ ಪಟ್ಟಿ). ಸ್ಲೈಸ್ ಹ್ಯಾಮ್ ಆಗಲೇ ಬೆಂದಿರುತ್ತದೆ, ಅದನ್ನು ಕುಕ್ಕರಿಗೆ ಹಾಕಿದರೆ ಸಪ್ಪೆ ಚಿಂದಿಯಾಗುತ್ತದೆ. ಈ ಎರಡು ಮಾತ್ರ ಸಿಕ್ಕರೆ ಹೀಗೆ ಮಾಡಿ: 150 ಗ್ರಾಂ ಬೇಕನ್ ಹುರಿದು ಅದರ ಕೊಬ್ಬಿನಲ್ಲೇ ಈರುಳ್ಳಿ ಬಾಡಿಸಿ, ಕಾಳನ್ನು ನೀರಿನಲ್ಲಿ ಬೇಯಿಸಿ, ಹ್ಯಾಮ್ ತುಂಡುಗಳನ್ನು ಕೊನೆಯ ಐದು ನಿಮಿಷದಲ್ಲಿ ಸೇರಿಸಿ. ಹೊಗೆಯ ವಾಸನೆ ಬರುತ್ತದೆ, ರಸದ ಅಂಟು ಬರುವುದಿಲ್ಲ. ಕೊಡಗಿನಲ್ಲಿ ಸಿಗುವ ಹಸಿ ಹಂದಿಮಾಂಸ ಎಷ್ಟೇ ಒಳ್ಳೆಯದಿದ್ದರೂ ಅದು ಹ್ಯಾಮ್ ಅಲ್ಲ. ಇಲ್ಲಿ ರುಚಿ ಕೊಡುವುದು ಉಪ್ಪು ಮತ್ತು ಹೊಗೆ. ಹಂದಿಮಾಂಸ ತಿನ್ನದವರು ಹೊಗೆ ಹಿಡಿಸಿದ ಟರ್ಕಿ ಕೋಳಿಯ ರೆಕ್ಕೆ ಅಥವಾ ಕಾಲು ಹಾಕಬಹುದು. ಅಮೆರಿಕದ ಎಷ್ಟೋ ಆಫ್ರಿಕನ್ ಅಮೆರಿಕನ್ ಮನೆಗಳಲ್ಲಿ ಅದೇ ರೂಢಿ; ಅದಕ್ಕೆ ಮೊದಲ ಸುತ್ತಿನಲ್ಲಿ 25ರಿಂದ 30 ನಿಮಿಷ ಸಾಕು.

5 ಲೀಟರ್ ಕುಕ್ಕರಿಗೆ ಬೇಕಾದದ್ದು (ಐದಾರು ಜನಕ್ಕೆ)

ಅಲಸಂದೆ ಕಾಳು 300 ಗ್ರಾಂ. ಹ್ಯಾಮ್ ಹಾಕ್ ದೊಡ್ಡದಾದರೆ ಒಂದು, ಚಿಕ್ಕದಾದರೆ ಎರಡು, ಒಟ್ಟು 600ರಿಂದ 700 ಗ್ರಾಂ. ನೀರು ಒಂದೂವರೆ ಲೀಟರ್. ಮಧ್ಯಮ ಗಾತ್ರದ ಈರುಳ್ಳಿ ಎರಡು, ಸೆಲರಿ ಎರಡು ದಂಟು, ದಪ್ಪಮೆಣಸಿನಕಾಯಿ ಒಂದು, ಬೆಳ್ಳುಳ್ಳಿ ನಾಲ್ಕು ಎಸಳು. ಬೇ ಎಲೆ ಎರಡು, ಒಣಗಿದ ಥೈಮ್ ಅರ್ಧ ಚಮಚ, ಕುಟ್ಟಿದ ಕಾಳುಮೆಣಸು ಅರ್ಧ ಚಮಚ, ಅಚ್ಚಖಾರದ ಪುಡಿ ಕಾಲು ಚಮಚ. ಎಣ್ಣೆ ಒಂದು ದೊಡ್ಡ ಚಮಚ. ಕೊನೆಗೆ ಒಂದೆರಡು ಚಮಚ ವಿನೆಗರ್.

ಸೆಲರಿ ಸಿಗದಿದ್ದರೆ ಬಿಟ್ಟುಬಿಡಿ. ಬೇ ಎಲೆ ಅಂದರೆ ಲಾರೆಲ್ ಮರದ ಒಣಗಿದ ಎಲೆ, ಪಲಾವಿಗೆ ಹಾಕುವ ಎಲೆ ತೆಗೆದುಕೊಳ್ಳಬೇಡಿ. ಅದು ದಾಲ್ಚಿನ್ನಿ ಜಾತಿಯ ಮರದ್ದು, ಘಮ ಬೇರೆ, ಕಾಳಿನ ಮೇಲೆ ಕೂತುಬಿಡುತ್ತದೆ. ಪಟ್ಟಿಯಲ್ಲಿ ಉಪ್ಪು ಇಲ್ಲದಿರುವುದು ಮರೆತದ್ದಲ್ಲ.

ಕಾಳು ನೆನೆಸುವುದು

ಅಲಸಂದೆಯ ಸಿಪ್ಪೆ ತೆಳು, ನೆನೆಸದೆಯೂ ಬೇಯುತ್ತದೆ. ಆದರೂ ನಾಲ್ಕು ಗಂಟೆ ನೆನೆಸಿದರೆ ಎಲ್ಲ ಕಾಳೂ ಒಂದೇ ಹದಕ್ಕೆ ಬರುತ್ತವೆ, ಅರ್ಧ ಒಡೆದು ಅರ್ಧ ಗಟ್ಟಿಯಾಗಿ ಉಳಿಯುವುದಿಲ್ಲ. ನೆನೆಸುವ ನೀರಿಗೆ ಲೀಟರಿಗೆ ಎರಡು ಚಮಚ ಉಪ್ಪು ಹಾಕಿ. ಉಪ್ಪು ಹಾಕಿದರೆ ಕಾಳು ಬೇಯುವುದಿಲ್ಲ ಎಂಬ ಮಾತು ನಮ್ಮ ಅಡುಗೆಮನೆಗಳಲ್ಲೂ ಇದೆ, ನೆನೆಸುವ ನೀರಿನ ಮಟ್ಟಿಗೆ ಅದು ಉಲ್ಟಾ. ಸಿಪ್ಪೆಯನ್ನು ಬಿಗಿಯಾಗಿ ಹಿಡಿದಿರುವುದು ಕ್ಯಾಲ್ಸಿಯಂ, ಮೆಗ್ನೀಷಿಯಂ. ಉಪ್ಪಿನ ಸೋಡಿಯಂ ಅವುಗಳ ಜಾಗಕ್ಕೆ ಬಂದು ಕೂರುತ್ತದೆ, ಸಿಪ್ಪೆ ಸಡಿಲವಾಗುತ್ತದೆ. ನೆನೆದ ಮೇಲೆ ಆ ನೀರು ಚೆಲ್ಲಿ, ಕಾಳನ್ನು ಎರಡು ಸಲ ತೊಳೆಯಿರಿ. ಬೇಸಿಗೆಯಲ್ಲಿ ಇಡೀ ರಾತ್ರಿ ಹೊರಗೆ ನೆನೆಯಲು ಬಿಟ್ಟರೆ ನೊರೆ ಬಂದು ಹುಳಿವಾಸನೆ ಹೊಡೆಯುತ್ತದೆ, ಹೊತ್ತಾಗುವುದಾದರೆ ಫ್ರಿಜ್ಜಿನಲ್ಲಿಡಿ.

ಕ್ಯಾಲ್ಸಿಯಂನ ಕಾರಣಕ್ಕೇ ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಕಾಳು ಬೇಯಲು ಹಟ ಮಾಡುತ್ತದೆ. ಆರ್‌ಒ ಫಿಲ್ಟರ್ ನೀರಿದ್ದರೆ ನೆನೆಸಲೂ ಬೇಯಿಸಲೂ ಅದನ್ನೇ ಬಳಸಿ. ಇಲ್ಲದಿದ್ದರೆ ನೆನೆಸುವಾಗ ಎರಡು ಚಿಟಿಕೆ ಅಡುಗೆ ಸೋಡಾ ಹಾಕಿ, ಅದಕ್ಕಿಂತ ಹೆಚ್ಚು ಬೇಡ. ಹೆಚ್ಚಾದರೆ ಸೋಪಿನ ರುಚಿ ಬರುತ್ತದೆ, ಸಿಪ್ಪೆ ಕಳಚಿಹೋಗುತ್ತದೆ.

ಮೊದಲ ಸುತ್ತು: ಮೂಳೆ

ಹಾಕನ್ನು ತಣ್ಣೀರಿನಲ್ಲಿ ತೊಳೆದು ಕುಕ್ಕರಿಗೆ ಹಾಕಿ. ಒಂದೂವರೆ ಲೀಟರ್ ನೀರು, ಅರ್ಧ ಈರುಳ್ಳಿ, ಒಂದು ಬೇ ಎಲೆ ಸೇರಿಸಿ. ಜೋರು ಉರಿಯಲ್ಲಿ ಮೊದಲ ವಿಶಲ್ ಬಂದ ತಕ್ಷಣ ಉರಿ ಸಣ್ಣ ಮಾಡಿ 40 ನಿಮಿಷ ಬಿಡಿ. ವಿಶಲ್ ಎಣಿಸಬೇಡಿ, ಗಡಿಯಾರ ನೋಡಿ. ಒಂದು ಮನೆಯ ಕುಕ್ಕರ್ ಎರಡು ನಿಮಿಷಕ್ಕೊಮ್ಮೆ ಕೂಗಿದರೆ ಇನ್ನೊಂದು ಐದು ನಿಮಿಷಕ್ಕೊಮ್ಮೆ ಕೂಗುತ್ತದೆ. ‘ನಾಲ್ಕು ವಿಶಲ್’ ಅಂದರೆ ಯಾರಿಗೂ ಏನೂ ಹೇಳಿದಂತಾಗುವುದಿಲ್ಲ. ವೆಯ್ಟ್ ಕೆಳಗೆ ಸಣ್ಣಗೆ ಸುಸುಗುಟ್ಟುತ್ತಿದ್ದರೆ ಸರಿಯಾದ ಪ್ರೆಶರ್ ಇದೆ ಎಂದೇ ಅರ್ಥ. ಪದೇ ಪದೇ ಜೋರಾಗಿ ಕೂಗಿಸುವುದರಿಂದ ಮಾಂಸ ಬೇಗ ಬೇಯುವುದಿಲ್ಲ, ನೀರು ಮಾತ್ರ ಆವಿಯಾಗಿ ಹೋಗುತ್ತದೆ. ಉಳಿದ ಹ್ಯಾಮಿನ ಮೂಳೆಯಾದರೆ ಮಾಂಸ ಆಗಲೇ ಬೆಂದಿರುವುದರಿಂದ 25 ನಿಮಿಷ ಸಾಕು.

ಪ್ರೆಶರ್ ತಾನಾಗಿ ಇಳಿದ ಮೇಲೆ ತೆಗೆದು ನೋಡಿ. ಚಮಚದ ಹಿಡಿಯಿಂದ ಒತ್ತಿದರೆ ಮಾಂಸ ಮೂಳೆಯಿಂದ ಜಾರಬೇಕು, ಚರ್ಮ ಹಲ್ವದಂತೆ ನಡುಗಬೇಕು. ಎಳೆದರೆ ಜಗ್ಗುತ್ತಿದ್ದರೆ ಇನ್ನೂ ಹತ್ತು ನಿಮಿಷ ಇಡಿ. ಒಳಗೆ ಮಾಂಸ ಗುಲಾಬಿ ಬಣ್ಣ ಇದ್ದರೆ ಹಸಿ ಇದೆ ಅಂದುಕೊಳ್ಳಬೇಡಿ. ಊರಿಸುವಾಗ ಹಾಕುವ ನೈಟ್ರೈಟ್ ಎಂಬ ಲವಣದಿಂದ ಹ್ಯಾಮ್ ಎಷ್ಟು ಬೆಂದರೂ ಗುಲಾಬಿಯಾಗಿಯೇ ಇರುತ್ತದೆ.

ಈಗ ರಸವನ್ನು ಸೋಸಿ, ಒಂದು ಚಮಚ ಬಾಯಿಗೆ ಹಾಕಿ ನೋಡಿ. ಇಡೀ ಅಡುಗೆ ನಿಂತಿರುವುದು ಈ ಒಂದು ಚಮಚದ ಮೇಲೆ. ಒಂದು ಹಾಕಿನಲ್ಲಿರುವಷ್ಟು ಉಪ್ಪು ಇನ್ನೊಂದರಲ್ಲಿ ಇರುವುದಿಲ್ಲ. ರಸ ಊಟದ ಸಾರಿನಷ್ಟು ಉಪ್ಪಾಗಿದ್ದರೆ ಮುಕ್ಕಾಲು ಪಾಲು ರಸ, ಕಾಲು ಪಾಲು ನೀರು ಬೆರೆಸಿ. ಅದಕ್ಕಿಂತ ಉಪ್ಪಾಗಿದ್ದರೆ ಅರ್ಧಕ್ಕೆ ಅರ್ಧ. ಸಪ್ಪೆ ಇದ್ದರೆ ಹಾಗೇ ಬಳಸಿ. ನಮಗೆ ಬೇಕಾದದ್ದು ಒಟ್ಟು 900 ಮಿಲಿ. ಉಳಿದ ರಸ ಎಸೆಯಬೇಡಿ, ಕೊನೆಗೆ ಅನ್ನಕ್ಕೆ ಬೇಕು. ಮೇಲೆ ತೇಲುವ ಕೊಬ್ಬನ್ನು ಸೌಟಿನಿಂದ ತೆಗೆಯಿರಿ. ಹಿಂದಿನ ದಿನವೇ ಈ ಸುತ್ತು ಮುಗಿಸಿ ಫ್ರಿಜ್ಜಿನಲ್ಲಿಟ್ಟರೆ ಕೊಬ್ಬು ಬಿಳಿ ತಟ್ಟೆಯಂತೆ ಮೇಲೆ ಕಟ್ಟಿಕೊಳ್ಳುತ್ತದೆ, ಕೈಯಲ್ಲೇ ಎತ್ತಿ ತೆಗೆಯಬಹುದು. ಕೆಳಗಿನ ರಸ ಜೆಲ್ಲಿಯಾಗಿದ್ದರೆ ಹಾಕ್ ಒಳ್ಳೆಯದಿತ್ತು, ಚೆನ್ನಾಗಿ ಬೆಂದಿದೆ.

ಮಾಂಸವನ್ನು ಮೂಳೆಯಿಂದ ಬಿಡಿಸಿ ಬೆರಳಗಲದ ತುಂಡು ಮಾಡಿ. ಚರ್ಮವನ್ನು ಇಷ್ಟವಿದ್ದರೆ ಸಣ್ಣಗೆ ಹೆಚ್ಚಿಕೊಳ್ಳಿ. ಇವನ್ನು ಮುಚ್ಚಿ ಪಕ್ಕಕ್ಕಿಡಿ, ಮತ್ತೆ ಕುಕ್ಕರಿಗೆ ಹಾಕುವುದಿಲ್ಲ.

ಎರಡನೆಯ ಸುತ್ತು: ಕಾಳು

ಕುಕ್ಕರ್ ಒರೆಸಿ ಎಣ್ಣೆ ಅಥವಾ ತೆಗೆದಿಟ್ಟ ಕೊಬ್ಬು ಒಂದು ದೊಡ್ಡ ಚಮಚ ಹಾಕಿ. ಹೆಚ್ಚಿದ ಈರುಳ್ಳಿ, ಸೆಲರಿ, ದಪ್ಪಮೆಣಸಿನಕಾಯಿ ಹಾಕಿ ಏಳೆಂಟು ನಿಮಿಷ ಬಾಡಿಸಿ. ಕೆಂಪಗಾಗುವುದು ಬೇಡ, ಮೆತ್ತಗಾದರೆ ಸಾಕು. ಬೆಳ್ಳುಳ್ಳಿ, ಥೈಮ್, ಕಾಳುಮೆಣಸು, ಖಾರದ ಪುಡಿ ಹಾಕಿ ಅರ್ಧ ನಿಮಿಷ ತಿರುವಿ. ಅರ್ಧ ಲೋಟ ರಸ ಹಾಕಿ ತಳವನ್ನು ಮರದ ಸೌಟಿನಿಂದ ಕೆರೆದುಕೊಳ್ಳಿ. ತಳಕ್ಕೆ ಅಂಟಿದ್ದು ಹಾಗೇ ಉಳಿದರೆ ಪ್ರೆಶರಿನಲ್ಲಿ ಸೀದು ಇಡೀ ಕಾಳಿಗೆ ಸೀಕಲು ವಾಸನೆ ಹಿಡಿಯುತ್ತದೆ.

ಕಾಳು, ಉಳಿದ ಬೇ ಎಲೆ, ಬಾಕಿ ರಸ ಹಾಕಿ. ಕಾಳಿನ ಮೇಲೆ ಸುಮಾರು ಎರಡು ಬೆರಳು ರಸ ನಿಲ್ಲಬೇಕು, ಒಟ್ಟು ಕುಕ್ಕರಿನ ಅರ್ಧ ದಾಟಬಾರದು. ಕಾಳು ಉಬ್ಬುತ್ತದೆ, ನೊರೆ ಕಾರುತ್ತದೆ. ನೊರೆಯ ಜೊತೆ ಒಂದು ಸಿಪ್ಪೆ ವೆಯ್ಟಿನ ತೂತಿಗೆ ಸಿಕ್ಕಿಕೊಂಡರೆ ಆವಿ ಹೋಗಲು ದಾರಿ ಇರುವುದಿಲ್ಲ. ಮೊದಲು ಹಾಕಿದ ಕೊಬ್ಬು ನೊರೆಯನ್ನು ತಗ್ಗಿಸುತ್ತದೆ. ಆದರೂ ಮುಚ್ಚಳ ಹಾಕುವ ಮುನ್ನ ವೆಯ್ಟಿನ ತೂತನ್ನು ಬೆಳಕಿಗೆ ಹಿಡಿದು ಆಚೆ ಕಾಣುತ್ತದೆಯೇ ನೋಡಿಕೊಳ್ಳಿ.

ವಿನೆಗರ್, ಟೊಮ್ಯಾಟೊ, ಹುಣಸೆ, ಯಾವ ಹುಳಿಯೂ ಈಗ ಬೇಡ. ಹುಳಿ ಬಿದ್ದರೆ ಸಿಪ್ಪೆ ಬಿಗಿಯಾಗುತ್ತದೆ, ಆಮೇಲೆ ಎಷ್ಟು ಕೂಗಿಸಿದರೂ ಅಷ್ಟೇ.

ಮೊದಲ ವಿಶಲ್ ಬಂದ ಮೇಲೆ ಸಣ್ಣ ಉರಿಯಲ್ಲಿ ನೆನೆದ ಕಾಳಿಗೆ 5ರಿಂದ 6 ನಿಮಿಷ, ನೆನೆಸದ ಕಾಳಿಗೆ 12 ನಿಮಿಷ. ನೆನೆಸದಿದ್ದರೆ ರಸವನ್ನೂ 300 ಮಿಲಿ ಹೆಚ್ಚು ಹಾಕಬೇಕು, ಕಾಳು ಕುಡಿದುಬಿಡುತ್ತದೆ. ಆಮೇಲೆ ಒಲೆ ಆರಿಸಿ ಪ್ರೆಶರ್ ತಾನಾಗಿ ಇಳಿಯಲು ಬಿಡಿ. ಅವಸರಕ್ಕೆ ವೆಯ್ಟ್ ಎತ್ತಿದರೆ ಅಥವಾ ನಲ್ಲಿ ಕೆಳಗೆ ಹಿಡಿದರೆ ಕಾಳಿನ ಒಳಗಿನ ನೀರು ಒಮ್ಮೆಲೇ ಕುದಿದು ಸಿಪ್ಪೆ ಸಿಡಿಯುತ್ತದೆ, ರಸದ ತುಂಬ ಸಿಪ್ಪೆ ತೇಲುತ್ತದೆ. ಈ ಹತ್ತು ಹದಿನೈದು ನಿಮಿಷವೂ ಬೇಯುವ ಹೊತ್ತಿನ ಲೆಕ್ಕಕ್ಕೇ ಸೇರಿದೆ.

ಅಮೆರಿಕದಲ್ಲಿರುವ ಕನ್ನಡಿಗರು ಇನ್‌ಸ್ಟಂಟ್ ಪಾಟ್ ಎಂಬ ಎಲೆಕ್ಟ್ರಿಕ್ ಕುಕ್ಕರಿನಲ್ಲಿ ಮಾಡುವುದಾದರೆ ಸಮಯ ಸ್ವಲ್ಪ ಹೆಚ್ಚು ಬೇಕು, ಅದರ ಪ್ರೆಶರ್ ಒಲೆಯ ಮೇಲಿನ ಕುಕ್ಕರಿಗಿಂತ ಕಡಿಮೆ. ಹಾಕಿಗೆ 50 ನಿಮಿಷ, ನೆನೆದ ಕಾಳಿಗೆ 8, ನೆನೆಸದ್ದಕ್ಕೆ 16 ನಿಮಿಷ ಇಟ್ಟು, ಹದಿನೈದು ನಿಮಿಷ ಬಿಟ್ಟು ತೆಗೆಯಿರಿ.

ಹದ ನೋಡುವುದು

ಒಂದೇ ಕಾಳು ನೋಡಿ ತೀರ್ಮಾನಿಸಬೇಡಿ, ಬೇರೆ ಬೇರೆ ಕಡೆಯಿಂದ ಐದು ಕಾಳು ತೆಗೆಯಿರಿ. ನಾಲಿಗೆ ಮತ್ತು ಅಂಗುಳಿನ ನಡುವೆ ಒತ್ತಿದರೆ ಬೆಣ್ಣೆಯಂತೆ ಕರಗಬೇಕು, ಮರಳು ಮರಳಾಗಿ ಸಿಗಬಾರದು. ನಡುವೆ ಬಿಳಿ ಗಟ್ಟಿ ಚುಕ್ಕೆ ಉಳಿದಿದ್ದರೆ ಇನ್ನೊಮ್ಮೆ ಕುಕ್ಕರ್ ಮುಚ್ಚಬೇಡಿ. ತೆರೆದೇ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕುದಿಸಿ. ಮತ್ತೊಮ್ಮೆ ಪ್ರೆಶರ್ ಕೊಟ್ಟರೆ ಬೆಂದ ಕಾಳು ಕರಗುತ್ತದೆ, ಬೇಯದ್ದು ಮಾತ್ರ ಉಳಿಯುತ್ತದೆ. ಅರ್ಧ ಗಂಟೆ ಕುದಿಸಿದರೂ ಗಟ್ಟಿ ಇದ್ದರೆ ಕಾಳು ಹಳೆಯದು. ಸೆಕೆಯಲ್ಲಿ ವರ್ಷಗಟ್ಟಲೆ ಡಬ್ಬಿಯಲ್ಲಿದ್ದ ಕಾಳಿನ ಒಳರಚನೆಯೇ ಬಿಗಿದುಹೋಗಿರುತ್ತದೆ, ಅದಕ್ಕೆ ಮದ್ದಿಲ್ಲ. ಬಣ್ಣ ಕಂದಿ ಹಳದಿಗೆ ತಿರುಗಿದ, ತೂತು ಬಿದ್ದ ಕಾಳನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ.

ಹದ ಸರಿ ಇದ್ದರೆ ಮಾಂಸದ ತುಂಡು ಸೇರಿಸಿ ತೆರೆದು ಹತ್ತು ನಿಮಿಷ ಸಣ್ಣಗೆ ಕುದಿಸಿ. ಒಂದು ಸೌಟು ಕಾಳನ್ನು ಕುಕ್ಕರಿನ ಗೋಡೆಗೆ ಒತ್ತಿ ಮಸೆದು ಕಲೆಸಿದರೆ ರಸ ಮಂದವಾಗುತ್ತದೆ, ಹಿಟ್ಟು ಹಾಕುವ ಅಗತ್ಯವಿಲ್ಲ. ಈಗ ಉಪ್ಪು ನೋಡಿ, ಬೇಕಿದ್ದರೆ ಮಾತ್ರ ಚಿಟಿಕೆ ಹಾಕಿ. ಒಲೆ ಆರಿಸಿದ ಮೇಲೆ ವಿನೆಗರ್. ಒಂದು ಚಮಚ ಹಾಕಿ ರುಚಿ ನೋಡಿ, ಬೇಕೆನಿಸಿದರೆ ಇನ್ನೊಂದು. ಕೊಬ್ಬು, ಹೊಗೆ, ಉಪ್ಪಿನ ಭಾರವನ್ನು ಎತ್ತಿ ಹಿಡಿಯುವುದು ಈ ಹುಳಿಯೇ, ಬಿಡಬೇಡಿ.

ಉಪ್ಪು ಹೆಚ್ಚಾಯಿತೇ? ಆಲೂಗಡ್ಡೆ ಹಾಕಿದರೆ ಉಪ್ಪು ಎಳೆದುಕೊಳ್ಳುತ್ತದೆ ಅನ್ನುತ್ತಾರೆ, ಅದು ಎಳೆಯುವುದು ಒಂದಿಷ್ಟು ಉಪ್ಪುನೀರನ್ನು ಅಷ್ಟೇ. ಬಿಸಿನೀರು ಹಾಕಿ ತೆಳು ಮಾಡುವುದು, ಇಲ್ಲವೇ ಉಪ್ಪು ಹಾಕದೆ ಬೇಯಿಸಿದ ಇನ್ನೊಂದು ಹಿಡಿ ಕಾಳು ಬೆರೆಸುವುದೇ ಸರಿ.

ಬಡಿಸುವುದು, ಉಳಿದದ್ದು

ಕಾಳಿನ ಈ ರಸಕ್ಕೆ ಅಲ್ಲಿನವರು ಪಾಟ್ ಲಿಕರ್ ಅನ್ನುತ್ತಾರೆ. ನಮ್ಮ ಬಸ್ಸಾರಿನ ಕಟ್ಟು ಇದ್ದ ಹಾಗೆ, ಚೆಲ್ಲಿದರೆ ಅರ್ಧ ಅಡುಗೆ ಚೆಲ್ಲಿದಂತೆ. ಬಟ್ಟಲಲ್ಲಿ ರಸ ಸಮೇತ ಹಾಕಿ ಮೆಕ್ಕೆಜೋಳದ ಬ್ರೆಡ್ಡು ಅದ್ದಿಕೊಂಡು ತಿನ್ನುತ್ತಾರೆ, ಪಕ್ಕದಲ್ಲಿ ಬೇಯಿಸಿದ ಕಾಲರ್ಡ್ ಸೊಪ್ಪು, ಅದು ಎಲೆಕೋಸಿನ ಜಾತಿಯದು. ಬಿಸಿ ಮುದ್ದೆಗೂ ಒಗ್ಗುತ್ತದೆ.

ಎರಡು ಗಂಟೆಯೊಳಗೆ ತಣಿಸಿ ಫ್ರಿಜ್ಜಿಗೆ ಸೇರಿಸಿ. ಮೂರು ನಾಲ್ಕು ದಿನ ಇರುತ್ತದೆ. ಕುಕ್ಕರ್ ಸಮೇತ ಇಟ್ಟರೆ ನಡುಭಾಗ ಗಂಟೆಗಟ್ಟಲೆ ಬೆಚ್ಚಗೇ ಇದ್ದು ಕೆಡುತ್ತದೆ, ಅಗಲ ಪಾತ್ರೆಗೆ ಹಾಕಿಡಿ. ಮರುದಿನ ರಸ ಹೆಪ್ಪುಗಟ್ಟಿರುತ್ತದೆ, ಬಿಸಿ ಮಾಡಿದರೆ ಮತ್ತೆ ನೀರಾಗುತ್ತದೆ.

ಮರುದಿನಕ್ಕೆ ಹಾಪಿಂಗ್ ಜಾನ್ ಮಾಡಿಕೊಳ್ಳಬಹುದು, ದಕ್ಷಿಣ ಕೆರೊಲಿನಾದ ಕರಾವಳಿಯ ಅನ್ನ ಅದು. ಒಂದು ಲೋಟ ಉದ್ದನೆಯ ಅಕ್ಕಿಯನ್ನು ತೊಳೆದು, ಎತ್ತಿಟ್ಟ ರಸ ಮತ್ತು ನೀರು ಸೇರಿ ಎರಡು ಲೋಟ ಹಾಕಿ ಪಾತ್ರೆಯಲ್ಲಿ ಮುಚ್ಚಿ ಬೇಯಿಸಿ. ಅಕ್ಕಿ ಮುಕ್ಕಾಲು ಬೆಂದಾಗ ರಸ ಬಸಿದ ಒಂದೂವರೆ ಲೋಟ ಕಾಳು, ಮಾಂಸವನ್ನು ಮೇಲೆ ಹರಡಿ, ಕೈಯಾಡಿಸದೆ ಹತ್ತು ನಿಮಿಷ ಅತಿ ಸಣ್ಣ ಉರಿಯಲ್ಲಿ ದಮ್ ಬಿಡಿ. ಇಳಿಸಿದ ಮೇಲೆ ಫೋರ್ಕಿನಿಂದ ಬಿಡಿಸಿ, ಹೆಚ್ಚಿದ ಈರುಳ್ಳಿ ಹೂವಿನ ದಂಟು ಉದುರಿಸಿ.