ಹಳ್ಳದ ನೀರಿನಿಂದ ಮನೆಗೆ ಬೆಳಕು: ಐದು ಮಳೆಗಾಲದ ಲೆಕ್ಕ

2024ರ ಆರಿದ್ರಾ ಮಳೆ ಹಿಡಿದ ದಿನ ವಾಲ್ವ್ ತೆರೆದೆ. ಮತ್ತೆ ಅದನ್ನು ಪೂರ್ತಿ ಮುಚ್ಚಿದ್ದು ಜನವರಿ ಮೊದಲ ವಾರದಲ್ಲಿ. ನಡುವಿನ ಹೆಚ್ಚುಕಡಿಮೆ 190 ದಿನ ನಮ್ಮ ಮನೆ, ಆಳುಗಳ ಎರಡು ಲೈನ್ ಮನೆ, ಕಾಫಿ ಕಣದ ದೀಪ ಎಲ್ಲವೂ ತೋಟದ ಹಳ್ಳದ ನೀರಿನಿಂದಲೇ ಉರಿದವು. "ನೀರು ಇಳಿಯುತ್ತದೆ ಸರಿ, ಕರೆಂಟ್ ಬರಬೇಕಲ್ಲ ಗೌಡರೇ" ಎಂದು ಬೇಲಿಯಾಚೆ ನಿಂತು ಹೇಳಿದವರೇ ಈಗ ತಮ್ಮ ಹಳ್ಳದ ಇಳಿಜಾರು ಅಳೆಯಲು ನನ್ನನ್ನು ಕರೆಯುತ್ತಿದ್ದಾರೆ. ನೀರಿನ ರಭಸಕ್ಕೆ ತಿರುಗಿ ಜನರೇಟರ್ ಓಡಿಸುವ ಚಕ್ರವೇ ಟರ್ಬೈನ್, ಅದರ ಪಾಠ ಇಲ್ಲಿಲ್ಲ. ಎಲ್ಲಿ ದುಡ್ಡು ಕಳೆದುಕೊಂಡೆ ಎಂಬುದನ್ನು ಹೇಳುತ್ತೇನೆ.

ನಮ್ಮ ತೋಟ ಮೂಡಿಗೆರೆಯಿಂದ ಪಶ್ಚಿಮಕ್ಕೆ, ಹೇಮಾವತಿಗೆ ಸೇರುವ ಒಂದು ಹಳ್ಳದ ದಡದಲ್ಲಿದೆ. 2019ರ ಆಗಸ್ಟ್‌ನಲ್ಲಿ ನಮ್ಮ ತಾಲ್ಲೂಕಿನ ಗುಡ್ಡಗಳು ಕುಸಿದಾಗ 11 ದಿನ ಕರೆಂಟ್ ಇರಲಿಲ್ಲ. ರಾಯಚೂರಿನ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಉರಿಯುತ್ತಿದೆ, ಎಂಟು ಘಟಕ ಸೇರಿ 1,720 ಮೆಗಾವ್ಯಾಟ್ ಸಾಮರ್ಥ್ಯ. ಅಲ್ಲಿ ಎಷ್ಟು ಸುಟ್ಟರೇನು, ತೋಟದೊಳಗಿನ ಕೊನೆಯ ಕಂಬದ ಮೇಲೆ ಸಿಲ್ವರ್ ಓಕ್ ಮುರಿದು ಬಿದ್ದರೆ ನಮಗೆ ಕತ್ತಲೆಯೇ. ಮನೆಯ ಮೇಲೆ 1 ಕಿಲೋವ್ಯಾಟ್ ಸೋಲಾರ್ ಇತ್ತು. ಮಾರ್ಚ್‌ನಲ್ಲಿ ದಿನಕ್ಕೆ ನಾಲ್ಕು ಯೂನಿಟ್ ಕೊಡುವ ಅದೇ ಫಲಕಗಳು ಆಶ್ಲೇಷ ಮಳೆಯಲ್ಲಿ ಅರ್ಧ ಯೂನಿಟ್‌ಗೂ ತಿಣುಕುತ್ತಿದ್ದವು. ಡೀಸೆಲ್ ಜನರೇಟರ್ ಒಂದು ಮಳೆಗಾಲಕ್ಕೆ 30,000 ರೂಪಾಯಿ ಮೀರಿ ಕುಡಿಯುತ್ತಿತ್ತು. ಸೂರ್ಯ ಮುಖ ತೋರಿಸದ ತಿಂಗಳುಗಳಲ್ಲಿ ನಮ್ಮಲ್ಲಿ ಧಾರಾಳವಾಗಿ ಇರುವುದು ನೀರೊಂದೇ.

ಮೊದಲ ವರ್ಷ ಪೈಪಿನಲ್ಲೇ ಸೋತೆ. ಸ್ಪ್ರಿಂಕ್ಲರ್‌ಗೆ ತಂದು ಉಳಿದಿದ್ದ 63 ಮಿಲಿಮೀಟರ್ ಪೈಪುಗಳನ್ನು 160 ಮೀಟರ್ ಎಳೆದೆ. ನೀರು ಇಳಿಯುವ ಎತ್ತರ ಸುಮಾರು 18 ಮೀಟರ್. ವಾಲ್ವ್ ಮುಚ್ಚಿದ್ದಾಗ ಒತ್ತಡ ತೋರಿಸುವ ಗೇಜಿನ ಮುಳ್ಳು 1.8 ಬಾರ್‌ನಲ್ಲಿ ನಿಂತಿತ್ತು, ನನಗೋ ಗೆದ್ದಷ್ಟು ಖುಷಿ. ವಾಲ್ವ್ ತೆರೆದದ್ದೇ ಮುಳ್ಳು 0.5ಕ್ಕಿಂತ ಕೆಳಗೆ ಕುಸಿಯಿತು. ನೀರಿನ ಬಲವನ್ನೆಲ್ಲ ಪೈಪಿನ ಗೋಡೆಯೇ ತಿಂದುಹಾಕಿತ್ತು. ಕೊನೆಗೆ 110 ಮಿಲಿಮೀಟರ್ ಪಿವಿಸಿ ಹಾಕಿದ ಮೇಲೆ, ತೆರೆದಾಗಲೂ 1.7ರ ಹತ್ತಿರ ನಿಲ್ಲುತ್ತಿದೆ. ಪೈಪಿನಲ್ಲಿ ಉಳಿತಾಯ ಮಾಡಲು ಹೋಗಬೇಡಿ, ದಯವಿಟ್ಟು.

ಮೊದಲ ಚಕ್ರವನ್ನು ಹದಿನಾರು ಸ್ಟೀಲ್ ಸೌಟುಗಳಿಂದ ಮಾಡಿಸಿದ್ದೆ. ಅದಕ್ಕೆ ಹಳೆಯ ಜೀಪಿನ ಆಲ್ಟರ್ನೇಟರ್ ಕಟ್ಟಿದೆ. ಮೂರನೆಯ ವಾರ ಒಂದು ಸೌಟಿನ ವೆಲ್ಡಿಂಗ್ ಬಿಟ್ಟು ತಗಡಿಗೆ ಬಡಿಯಿತು, ಅದರ ಹಿಂದೆಯೇ ಬೇರಿಂಗ್ ಹೋಯಿತು. ಆಮೇಲೆ ಕಂಚಿನಲ್ಲಿ ಟರ್ಗೋ ಚಕ್ರ (ನೀರಿನ ಧಾರೆ ಓರೆಯಾಗಿ ಬಡಿಯುವ ಬಗೆಯದು) ಎರಕ ಹೊಯ್ಯಿಸಿ, ಹಾಸನದ ಒಂದು ಲೇತ್ ಅಂಗಡಿಯಲ್ಲಿ ಶಾಫ್ಟ್ ಕೂರಿಸಿದೆ. ಎರಡು ನಾಜಲ್, ಸೆಕೆಂಡಿಗೆ ಏಳೆಂಟು ಲೀಟರ್ ನೀರು. ಜನರೇಟರ್ ಆಗಿ ಕೆಲಸ ಮಾಡುತ್ತಿರುವುದು ಸೆಕೆಂಡ್ ಹ್ಯಾಂಡ್‌ನಲ್ಲಿ ತಂದ ಮೂರು ಫೇಸಿನ ಸಾಮಾನ್ಯ ಮೋಟಾರ್, ಜೊತೆಗೆ ಅದರಿಂದ ಕರೆಂಟ್ ಹುಟ್ಟಲು ಬೇಕಾದ ಕೆಪಾಸಿಟರ್‌ಗಳು. ಅವುಗಳ ಅಳತೆ ಎಷ್ಟು ಮೈಕ್ರೋಫ್ಯಾರಡ್ ಎಂದು ಬರೆಯುವುದಿಲ್ಲ. ಅದಕ್ಕಾಗಿ ಎರಡು ಮಳೆಗಾಲ ಕಳೆದಿದ್ದೇನೆ, ಮನೆಗೆ ಬಂದವರಿಗೆ ತೋರಿಸುತ್ತೇನೆ.

2021ರಲ್ಲಿ ಕರೆಂಟ್ ಬಂತು, ಆದರೆ ನಿಲ್ಲಲಿಲ್ಲ. ಮಿಕ್ಸಿ ಆಫ್ ಮಾಡಿದ ಕೂಡಲೇ ವೋಲ್ಟೇಜ್ 300 ದಾಟುತ್ತಿತ್ತು. ಒಂಬತ್ತು ಬಲ್ಬು, ಒಂದು ಟಿವಿ, ಕೊನೆಗೆ ಫ್ರಿಜ್ಜಿನ ಕಂಪ್ರೆಸರ್ ಸುಟ್ಟವು. ವೋಲ್ಟೇಜನ್ನು ಹಿಡಿತದಲ್ಲಿಡುವ ಲೋಡ್ ಕಂಟ್ರೋಲರ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಲೇಬಾರದು. ಮೊದಲು ತರಿಸಿದ ಕಂಟ್ರೋಲರ್ ಎರಡೇ ತಿಂಗಳಲ್ಲಿ ಕೈಕೊಟ್ಟಿತು, ಮಾರಿದವರು ಫೋನ್ ಎತ್ತಲಿಲ್ಲ. ಎರಡನೆಯದು ಇವತ್ತಿಗೂ ನಡೆಯುತ್ತಿದೆ. ಹೆಚ್ಚಾದ ಕರೆಂಟನ್ನು ಅದು ಬಚ್ಚಲಿನ ಹಂಡೆಯೊಳಗಿನ ಹೀಟರ್‌ಗೆ ದೂಡುತ್ತದೆ. ಅದರಲ್ಲೇ ಒಂದು ಕವಲು ತೆಗೆದು ಮರದ ಬೀರುವಿನ ಅಡಿಗೆ ಸಣ್ಣ ಹೀಟರ್ ಇಟ್ಟೆ. ಮಕ್ಕಳ ಸಮವಸ್ತ್ರ, ಆಳುಗಳ ಕಂಬಳಿ ಪುಷ್ಯ ಮಳೆಯಲ್ಲೂ ಬೆಳಗಾಗುವುದರೊಳಗೆ ಒಣಗುತ್ತವೆ. ಮನೆಯವಳು ಇಡೀ ಯೋಜನೆಯಲ್ಲಿ ಮನಸಾರೆ ಮೆಚ್ಚಿದ್ದು ಆ ಬೀರುವನ್ನು.

ಎಲ್ಲಕ್ಕಿಂತ ಕಾಡಿದ್ದು ಎಲೆ. ಹಳ್ಳದ ಕಟ್ಟೆಯ ಬಲೆಗೆ ಸಿಲ್ವರ್ ಓಕ್ ಎಲೆ ಮೆತ್ತಿಕೊಂಡರೆ ಮನೆಯ ದೀಪ ನಿಧಾನವಾಗಿ ಕೆಂಪಗಾಗುತ್ತದೆ. ರಾತ್ರಿ ಹನ್ನೊಂದಕ್ಕೆ ಟಾರ್ಚ್ ಹಿಡಿದು ಗುಡ್ಡ ಹತ್ತಬೇಕು, ಇಳಿದು ಬರುವಾಗ ಕಾಲಿನ ತುಂಬ ಇಂಬಳ (ಜಿಗಣೆ). ಬಲೆಯನ್ನು ನೆಟ್ಟಗೆ ನಿಲ್ಲಿಸುವುದೇ ತಪ್ಪು. ಓರೆಯಾಗಿ ಮಲಗಿಸಿದರೆ ನೀರು ಕೆಳಗಿಳಿಯುತ್ತದೆ, ಎಲೆ ಜಾರಿ ಹೋಗುತ್ತದೆ. ಎಷ್ಟು ಓರೆ ಎಂಬುದು ಹಳ್ಳದಿಂದ ಹಳ್ಳಕ್ಕೆ ಬೇರೆ. ಈಗ ಹತ್ತು ದಿನಕ್ಕೊಮ್ಮೆ ಕೈಯಾಡಿಸಿದರೆ ಸಾಕು.

ನಡುವೆ 2022ರಲ್ಲಿ ಕಾಫಿ ಹೊಟ್ಟಿನಿಂದ ಅನಿಲ ಮಾಡಿ ಎಂಜಿನ್ ಓಡಿಸಲು ಹೊರಟಿದ್ದೆ. ನಲವತ್ತು ನಿಮಿಷ ಓಡಿತು. ಮರುದಿನ ಬಿಚ್ಚಿ ನೋಡಿದರೆ ವಾಲ್ವಿನ ಮೇಲೆ ಬೆಲ್ಲದ ಪಾಕದಂತೆ ಟಾರು. ಹೊಟ್ಟು ಗೊಬ್ಬರದ ಗುಂಡಿಗೇ ವಾಪಸ್ ಹೋಯಿತು. ಆದರೂ ಆ ದಾರಿಯ ಮೇಲೆ ನನಗೆ ಇನ್ನೂ ನಂಬಿಕೆ ಇದೆ, ಅನಿಲವನ್ನು ಸೋಸುವ ಬಗೆ ಕಲಿಯಬೇಕು.

ಖರ್ಚು ನೆನಪಿನಿಂದ ಹೇಳುತ್ತೇನೆ. ದೊಡ್ಡ ಪೈಪಿಗೆ 50,000, ಚಕ್ರ ಮತ್ತು ಶಾಫ್ಟಿಗೆ 28,000, ಮೋಟಾರಿಗೆ ಮೂರೂವರೆ ಸಾವಿರ, ನಡೆಯುತ್ತಿರುವ ಕಂಟ್ರೋಲರ್‌ಗೆ 14,000, ಕಟ್ಟೆ, ಸಿಮೆಂಟು, ಕೂಲಿ ಸೇರಿ 20,000, ವೈರಿಗೆ ಹತ್ತು ಸಾವಿರದ ಆಸುಪಾಸು. ಕೆಟ್ಟುಹೋದ ಸಾಮಾನಿನ ಲೆಕ್ಕ ಬೇರೆ, ಅದು 45,000ಕ್ಕೆ ಕಡಿಮೆಯಿಲ್ಲ.

ಮಳೆ ಜೋರಿದ್ದಾಗ 650 ವ್ಯಾಟ್ ಬರುತ್ತದೆ, ಡಿಸೆಂಬರ್ ಹೊತ್ತಿಗೆ 250ಕ್ಕೆ ಇಳಿಯುತ್ತದೆ. ಸರಾಸರಿ 500 ಎಂದರೂ ದಿನಕ್ಕೆ 12 ಯೂನಿಟ್. ಹಗಲು ರಾತ್ರಿ ಎನ್ನದೆ ನಡೆಯುವುದೇ ಅದರ ಬಲ. ಒಂದು ಕಾಲಕ್ಕೆ 2,200 ಯೂನಿಟ್ ಆಸುಪಾಸು. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಒಂದು ಯೂನಿಟ್ ತೆಗೆಯಲು ಸುಮಾರು 700 ಗ್ರಾಂ ಸುಡಬೇಕು. ಆ ಲೆಕ್ಕಕ್ಕೆ ಒಂದೂವರೆ ಟನ್, ಅಂದರೆ ಪಿಕಪ್ ಗಾಡಿಯೊಂದರ ತುಂಬ ಕಲ್ಲಿದ್ದಲು. ಹಂಡೆಗೂ ಬೀರುವಿಗೂ ಹೋದ ಪಾಲಿನಿಂದ ಉಳಿದದ್ದು ಸೌದೆ, ಅದೂ ನನಗೆ ಕಡಿಮೆಯದಲ್ಲ. ಚಕ್ರದಿಂದ ಹೊರಬಿದ್ದ ನೀರು ಹನಿಯೂ ಕಡಿಮೆಯಾಗದೆ ಹಳ್ಳಕ್ಕೆ ಸೇರಿ, ಹೇಮಾವತಿಯಲ್ಲಿ ಗೊರೂರಿನ ಕಡೆಗೆ ಹೋಗುತ್ತದೆ.

ಮಳೆ ಕೈಕೊಟ್ಟ 2023ರಲ್ಲಿ ಹಳ್ಳ ನವೆಂಬರ್‌ಗೇ ಬತ್ತಿತ್ತು. ಫೆಬ್ರುವರಿಯಲ್ಲಿ ಕಾಫಿ ಹೂವಿಗೆ ನೀರು ಕೊಡುವ ಪಂಪಿಗೆ ಇಂದಿಗೂ ಕಂಬದ ಕರೆಂಟೇ ಗತಿ, ಅದರಲ್ಲಿ ಕಲ್ಲಿದ್ದಲಿನ ಪಾಲು ಇದ್ದೇ ಇದೆ. ಬೇಸಿಗೆಯ ಮನೆದೀಪಗಳನ್ನು ಹಳೆಯ ಸೋಲಾರ್ ಫಲಕಗಳು ನೋಡಿಕೊಳ್ಳುತ್ತವೆ.

ಚಕ್ರದ ಕೆಳಗೆ ಹಳ್ಳ ಇನ್ನೂ 14 ಮೀಟರ್ ಇಳಿಯುತ್ತದೆ. ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಮಟ್ಟ ಹಿಡಿದು, ಹೋದ ವಾರ ಗೂಟ ಹೊಡೆದು ಬಂದಿದ್ದೇವೆ. ಕೆಳಗಿನ ಚಕ್ರದ ಕರೆಂಟ್ ಪಕ್ಕದ ತೋಟದ ಲೈನ್ ಮನೆಗಳಿಗೆ. ಅವರು ಪೈಪಿನ ದುಡ್ಡು ಹಾಕಲು ಒಪ್ಪಿದ್ದಾರೆ.